ಆಕಾಶಕ್ಕೆ ಕತ್ತರಿ

ಆಕಾಶವನ್ನು ಹಾಳೆಗೆ ಇಳಿಸುವ ಕೆಲಸದಲ್ಲಿ ನನಗೆ ಬಲು ಖುಷಿ ಕೊಡುವುದು ಮೊದಲ ಹೆಜ್ಜೆ. ಸ್ಟೆಲ್ಲೇರಿಯಂ ಎಂಬ ಆಕಾಶ ತೋರಿಸುವ ತಂತ್ರಾಂಶ ತೆರೆದು ‘ಎ’ ಒತ್ತಿದರೆ ವಾತಾವರಣ ಮಾಯ, ‘ಜಿ’ ಒತ್ತಿದರೆ ನೆಲವೂ ಮಾಯ. ಕನಕಪುರ ರಸ್ತೆಯ ಧೂಳು, ಅದರ ಮೇಲೆ ಓಡುವ ಮೆಟ್ರೋ, ಸಾರಕ್ಕಿ ಕಡೆಯ ದೀಪಗಳ ಬೆಳಕು, ಎಲ್ಲ ಹೋಯಿತು. ನಮ್ಮ ಜರಗನಹಳ್ಳಿಯಲ್ಲಿ ಯಾರಿಂದಲೂ ಆಗದ ಸ್ವಚ್ಛತಾ ಕಾರ್ಯ ಎರಡು ಬೆರಳಲ್ಲಿ ಮುಗಿಯುತ್ತದೆ.

ಅಲ್ಲಿಂದ ಮುಂದೆಯೂ ತೆಗೆದುಹಾಕುವುದೇ ಕೆಲಸ. ಈ ತಂತ್ರಾಂಶಗಳಿಗೆ ಔದಾರ್ಯವೇ ದೋಷ. ಹಿಪಾರ್ಕಸ್ ಪಟ್ಟಿಯೊಂದರಲ್ಲೇ 1,18,000ಕ್ಕೂ ಹೆಚ್ಚು ನಕ್ಷತ್ರಗಳಿವೆ. ಬಿಟ್ಟರೆ ಅಷ್ಟನ್ನೂ ತಂದು ಸುರಿಯುತ್ತವೆ. ಕೊಂಚ ಕೊಂಚವೇ ಆಕಾಶ ನೋಡುವ ದೂರದರ್ಶಕದವರಿಗೆ ಅದು ಬೇಕು. ತಾರಸಿಯ ಮೇಲೆ ಕತ್ತೆತ್ತಿ ನಿಂತು ಅರ್ಧ ಆಕಾಶವನ್ನೇ ಒಂದು ಹಾಳೆಯಲ್ಲಿ ಹಿಡಿಯಬೇಕೆನ್ನುವ ನಮ್ಮಂಥವರಿಗೆ ಬೇಡ.

ಸ್ಥಳವನ್ನಂತೂ ಮೊದಲೇ ಸರಿಮಾಡಬೇಕು. ಹಳೆಯ ಸ್ಟೆಲ್ಲೇರಿಯಂ, ನಾವೇನೂ ಹೇಳದಿದ್ದರೆ, ತಾನು ಪ್ಯಾರಿಸ್‌ನಲ್ಲಿ ಕೂತಿದ್ದೇನೆ ಎಂದುಕೊಳ್ಳುತ್ತಿತ್ತು. ಅದನ್ನು ಬರೆಯಲು ಶುರುಮಾಡಿದ ಫಾಬಿಯೆನ್ ಶೆರೋ ಫ್ರಾನ್ಸಿನವರು, ತಪ್ಪೇನಿಲ್ಲ. ಆದರೆ ಪ್ಯಾರಿಸ್‌ನ 49 ಡಿಗ್ರಿ ಅಕ್ಷಾಂಶದಲ್ಲಿ ಅಗಸ್ತ್ಯ ನಕ್ಷತ್ರ ಹುಟ್ಟುವುದೇ ಇಲ್ಲ. ನಮ್ಮ 13 ಡಿಗ್ರಿಯಲ್ಲಿ ಅವನು ದಕ್ಷಿಣದಲ್ಲಿ 24 ಡಿಗ್ರಿ ಎತ್ತರಕ್ಕೆ ಏರಿ ಠೀವಿಯಿಂದ ನಿಲ್ಲುತ್ತಾನೆ. ಧ್ರುವನದ್ದು ಇಲ್ಲಿ ಉಲ್ಟಾ ಅವಸ್ಥೆ. ಬರೀ 13 ಡಿಗ್ರಿ ಎತ್ತರ, ಅದೂ ಉತ್ತರದ ಮನೆಯವರ ಸಿಂಟೆಕ್ಸ್ ಟ್ಯಾಂಕಿನ ಹಿಂದೆ. ಕಾಲದಲ್ಲೂ ಒಂದು ಸೂಕ್ಷ್ಮವಿದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 77.6ರ ಹತ್ತಿರ. ಹಾಗಾಗಿ ಜರಗನಹಳ್ಳಿಯ ಆಕಾಶ ಗಡಿಯಾರಕ್ಕಿಂತ ಇಪ್ಪತ್ತು ನಿಮಿಷ ನಿಧಾನ. ಪಂಚಾಂಗದವರಿಗೆ ಇದು ಯಾವತ್ತಿನಿಂದಲೋ ಗೊತ್ತು.

ಆಮೇಲೆ ಕತ್ತರಿ. ನಕ್ಷತ್ರದ ಬೆಳಕನ್ನು ಕಾಂತಿಮಾನದಲ್ಲಿ ಅಳೆಯುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಒಳ್ಳೆಯ ಕತ್ತಲಲ್ಲಿ ಒಳ್ಳೆಯ ಕಣ್ಣು 6.5ರವರೆಗೆ ಕಾಣುತ್ತದೆ ಎಂದಿಟ್ಟುಕೊಂಡರೆ ಇಡೀ ಖಗೋಲದಲ್ಲಿ ಸುಮಾರು 9,000 ನಕ್ಷತ್ರಗಳು. ಮಿತಿಯನ್ನು 4ಕ್ಕೆ ಇಳಿಸಿದರೆ ಅವು 500ರ ಆಸುಪಾಸಿಗೆ ಬಂದು ನಿಲ್ಲುತ್ತವೆ, ಅದರಲ್ಲೂ ಒಂದು ಹೊತ್ತಿಗೆ ನಮ್ಮ ತಲೆಯ ಮೇಲಿರುವುದು ಅರ್ಧ. ನಮ್ಮ ತಾರಸಿಯ ಯೋಗ್ಯತೆ ಅಷ್ಟೇ. ಕೆಲವರು 6ರ ನಕ್ಷೆಯನ್ನೇ ಕೇಳುತ್ತಾರೆ, ಹೆಚ್ಚು ಚುಕ್ಕೆ ಇದ್ದರೆ ಹೆಚ್ಚು ಜ್ಞಾನ ಎಂಬಂತೆ. ಅದನ್ನು ಹಿಡಿದು ಮೇಲೆ ನೋಡಿದರೆ ಹಾಳೆಯಲ್ಲಿ ಜಾತ್ರೆ, ಮೇಲೆ ಭಣಭಣ. ಕಾರ್ಟ್ಸ್ ಡು ಸಿಯೆಲ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಈ ವಿಷಯದಲ್ಲಿ ಜಾಣ: ನೋಟದ ಹರವು ಇಷ್ಟಿದ್ದರೆ ಕಾಂತಿಮಾನ ಇಷ್ಟಕ್ಕೇ ಸಾಕು ಎಂದು ಮೊದಲೇ ಹೇಳಿಟ್ಟುಬಿಡಬಹುದು.

4 ಎಂಬ ಅಂಕಿಯಲ್ಲೇ ಒಂದು ಸಂಸಾರ ತಾಪತ್ರಯ ಅಡಗಿದೆ. ಅರುಂಧತಿಯ ಕಾಂತಿಮಾನ ಹೆಚ್ಚುಕಡಿಮೆ ಸರಿಯಾಗಿ 4. ಕತ್ತರಿ ಒಂದು ಕೂದಲೆಳೆ ಆಚೀಚೆ ಆದರೂ ವಸಿಷ್ಠರು ಒಂಟಿ. ಮದುವೆಮನೆಯಲ್ಲಿ ಪುರೋಹಿತರು ಹಾಡಹಗಲೇ ಛತ್ರದ ಹೊರಗೆ ಕರೆದು ಅರುಂಧತಿಯನ್ನು ತೋರಿಸುತ್ತಾರೆ, ವಧೂವರರು ಸೂರ್ಯನ ಬಿಸಿಲಿಗೆ ಕಣ್ಣು ಕಿರಿದುಮಾಡಿ “ಕಾಣಿಸ್ತು” ಅನ್ನುತ್ತಾರೆ. ಅಂಥ ಊರಿನಲ್ಲಿ ರಾತ್ರಿಯ ನಕ್ಷೆಯಿಂದ ಅವಳನ್ನು ಹೊರಹಾಕುವುದು ಹೇಗೆ? ಮಿತಿಯನ್ನು 4.3ಕ್ಕೆ ಏರಿಸಿದೆ. ಬಂದಳು, ಆದರೆ ಕಾಣಲಿಲ್ಲ. ಕಾರಣ ಸರಳ. ಇಡೀ ಆಕಾಶ ಒಂದು ಎ4 ಹಾಳೆಗೆ ಬಂದರೆ ಒಂದು ಡಿಗ್ರಿಗೆ ಸಿಗುವುದು ಸುಮಾರು 1 ಮಿಲಿಮೀಟರ್. ದಂಪತಿಗಳ ನಡುವಿನ ಅಂತರ ಡಿಗ್ರಿಯ ಐದನೆಯ ಒಂದು ಭಾಗ. ವಸಿಷ್ಠರ ಚುಕ್ಕೆಯೇ 1 ಮಿಲಿಮೀಟರ್ ದಪ್ಪವಿದ್ದರೆ ಅರುಂಧತಿ ಅದರ ಹೊಟ್ಟೆಯೊಳಗೆ. ಕೃತ್ತಿಕೆಯದ್ದೂ ಇದೇ ಗತಿ, ಶಾಯಿ ಚೆಲ್ಲಿದ ಕಲೆ. ಚುಕ್ಕೆಗಳ ಗಾತ್ರಕ್ಕೆ ಸ್ಟೆಲ್ಲೇರಿಯಂನಲ್ಲಿ ಎರಡು ಅಳತೆಗಳಿವೆ: ಒಂದು ಎಲ್ಲವನ್ನೂ ಒಟ್ಟಿಗೆ ಹಿಗ್ಗಿಸಿ ಕುಗ್ಗಿಸುತ್ತದೆ, ಇನ್ನೊಂದು ಪ್ರಖರಕ್ಕೂ ಮಂದಕ್ಕೂ ಇರುವ ವ್ಯತ್ಯಾಸವನ್ನು. ಎರಡನ್ನೂ ಎಳೆದಾಡಿದರೂ ಈ ಜೋಡಿ ಬೇರೆಯಾಗುವುದಿಲ್ಲ. ಸಪ್ತರ್ಷಿ ಮಂಡಲಕ್ಕೆ ಮಾತ್ರ ಮೂಲೆಯಲ್ಲಿ ಒಂದು ಪುಟ್ಟ ಚೌಕ ಹಾಕಿ ದೊಡ್ಡದಾಗಿ ತೋರಿಸಿದ್ದೇನೆ. ಶಾಸ್ತ್ರಕ್ಕಾದರೂ ಇರಲಿ.

ಚುಕ್ಕೆಗಳಾದ ಮೇಲೆ ಹೆಸರುಗಳ ಸರದಿ. ನಕ್ಷೆಗಾರ ವಿಲ್ ಟಿರಿಯನ್ 1981ರಲ್ಲಿ ಹೊರತಂದ ಆಕಾಶದ ಅಟ್ಲಾಸ್‌ನಲ್ಲಿ 26 ನಕ್ಷೆಗಳಲ್ಲಿ 43,000 ನಕ್ಷತ್ರಗಳಿವೆ, ಎಲ್ಲ ಕೈಯಲ್ಲೇ ಗುರುತಿಸಿದ್ದು. ಒಂದು ಹೆಸರು ಇನ್ನೊಂದರ ಮೇಲೆ ಹತ್ತದಂತೆ ಕೈ ಜರುಗಿಸಬಲ್ಲದು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಹೆಸರುಗಳ ಪಟ್ಟಿಯನ್ನು ನಾವೇ ಹಿಂಡಬೇಕು.

ಗುಂಡಗಿನ ಆಕಾಶವನ್ನು ಚಪ್ಪಟೆ ಮಾಡುವಾಗ ಹೋಳಿಗೆ ತಟ್ಟಿದಂತೆ ಅಂಚು ಹರಡಿಕೊಳ್ಳುತ್ತದೆ. ಸ್ಟೀರಿಯೋಗ್ರಾಫಿಕ್ ವಿಧಾನದಲ್ಲಿ ಆಕಾರ ಕೆಡುವುದಿಲ್ಲ, ಆದರೆ ದಿಗಂತದ ಬಳಿ ಅಳತೆ ನೆತ್ತಿಯದರ ಎರಡರಷ್ಟು. ಇದರಿಂದ ಪೆಟ್ಟು ತಿನ್ನುವವನು ತ್ರಿಶಂಕು. 88 ನಕ್ಷತ್ರಪುಂಜಗಳಲ್ಲಿ ಅತಿ ಚಿಕ್ಕದು, ಮೇ ತಿಂಗಳ ನಡುವೆ ರಾತ್ರಿ ಒಂಬತ್ತೂಕಾಲರ ಹೊತ್ತಿಗೆ ದಕ್ಷಿಣದಲ್ಲಿ ಕೆಳಗೇ ನಿಂತಿರುತ್ತದೆ. ನಕ್ಷೆಯ ಅಂಚಿನಲ್ಲಿ ಊದಿಕೊಂಡ ಅವನನ್ನು ಕಂಡವರು ಆಕಾಶದಲ್ಲೂ ಅಷ್ಟೇ ದೊಡ್ಡವನನ್ನು ಹುಡುಕುತ್ತಾ ನಿಲ್ಲುತ್ತಾರೆ.

ಕೊನೆಗೆ ಜೆರಾಕ್ಸ್ ಅಂಗಡಿ. ಪೆನ್‌ಡ್ರೈವ್‌ನಲ್ಲಿದ್ದ ಕಪ್ಪು ಆಕಾಶ ನೋಡಿದ್ದೇ ಹುಡುಗ, “ಸಾರ್, ಇದು ಪ್ರಿಂಟಲ್ಲ, ಪೇಂಟಿಂಗು. ಟೋನರ್ ದುಡ್ಡು ಬೇರೆ ಕೊಡ್ಬೇಕು” ಅಂದ. ಅವನಿಗೆ ಬಿಳಿ ಹಾಳೆಯ ಪ್ರತಿಯೂ ಜೊತೆಗಿದೆ ಎಂದು ತೋರಿಸಿದೆ. ಚಿತ್ರ ಉಳಿಸುವಾಗ ಬಣ್ಣ ತಿರುವಿಹಾಕುವ ಆಯ್ಕೆ ಸ್ಟೆಲ್ಲೇರಿಯಂನಲ್ಲೇ ಉಂಟು. ಬಣ್ಣದ ಪ್ರಿಂಟು ತೆಗೆಯುವವರು ಗೆರೆಗಳನ್ನು ಕೆಂಪಾಗಿ ಇಡಬಾರದು. ಕತ್ತಲಿಗೆ ಹೊಂದಿದ ಕಣ್ಣು ಕೆಡದಿರಲೆಂದು ನಾವು ಕೆಂಪು ಟಾರ್ಚ್ ಹಿಡಿಯುತ್ತೇವಲ್ಲ, ಆ ಬೆಳಕಲ್ಲಿ ಕೆಂಪು ಗೆರೆ ಹಾಳೆಯೊಳಗೇ ಕರಗಿಹೋಗುತ್ತದೆ. ನೀಲಿ ಒಳ್ಳೆಯದು, ಕಪ್ಪಾಗಿ ಕಾಣುತ್ತದೆ.

ಗ್ರಹಗಳನ್ನು ನಾನು ಮುದ್ರಿಸುವುದಿಲ್ಲ. ನಕ್ಷತ್ರಗಳ ಹಾಳೆ ಮುಂದಿನ ವರ್ಷದ ಅದೇ ತಾರೀಖಿಗೂ ನಡೆಯುತ್ತದೆ. ಗುರು ಅಷ್ಟರಲ್ಲಿ ಒಂದು ರಾಶಿ ದಾಟಿರುತ್ತಾನೆ. ಆದರೆ ನಮ್ಮ ಬೀದಿಯಲ್ಲಿ ನಕ್ಷೆ ಕೈಗೆ ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ: “ಶನಿ ಎಲ್ಲಿದಾನೆ?” ಹಾಗಾಗಿ ಅವನನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಡುವ ಪದ್ಧತಿ ಇಟ್ಟುಕೊಂಡಿದ್ದೇನೆ. ಕೆಳಗಿನ ಮನೆಯ ಅಜ್ಜಿಗೆ ಈ ಏರ್ಪಾಡು ತುಂಬ ಹಿಡಿಸಿದೆ. “ಹಂಗೇ ಮಾಡಪ್ಪ, ಪೆನ್ಸಿಲ್‌ನಲ್ಲೇ ಬರಿ,” ಅಂದರು, “ಇಂಕಲ್ಲಿ ಬರೆದ್ರೆ ಅವ್ನು ಹೋಗೋನಲ್ಲ.”