ನಗುವಿಗೂ ವಯಸ್ಸುಂಟೆ?

ನಗುವಿನಲ್ಲಿ ಆರು ಬಗೆಯುಂಟೆಂದು ಭರತಮುನಿಯ ನಾಟ್ಯಶಾಸ್ತ್ರ ಹೇಳುತ್ತದೆ. ತುಟಿಯಂಚಿನ ಸ್ಮಿತದಿಂದ ಮೊದಲುಗೊಂಡು, ಪಕ್ಕೆ ಹಿಡಿದು ಕಣ್ಣೀರು ಸುರಿಸುವ ಅತಿಹಸಿತದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಅವನ್ನು ಜೋಡಿಸಲಾಗಿದೆ. ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆಂಬ ಮಾತೂ ಅಲ್ಲಿದೆ. ಎಂದಮೇಲೆ, ಶೃಂಗಾರವಿನ್ನೂ ತಿಳಿಯದ ವಯಸ್ಸಿನವರು ಅದರಿಂದ ಹುಟ್ಟಿದ ಹಾಸ್ಯಕ್ಕೆ ನಗಬಹುದೇ? ಈ ಪ್ರಶ್ನೆ ಶಾಸ್ತ್ರದಿಂದಲ್ಲ, ನಮ್ಮ ಮನೆಯ ಜಗಲಿಯಿಂದ ನನ್ನೆದುರಿಗೆ ಬಂದಿತು.

ನನ್ನ ತಮ್ಮನಿಗೆ ಹದಿನಾಲ್ಕು ವರ್ಷ, ಒಂಬತ್ತನೆಯ ತರಗತಿ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿರುವ ನಮ್ಮ ಎಕ್ಕಂಬಿಯಲ್ಲಿ, ರಾತ್ರಿ ಊಟವಾದ ಮೇಲೆ ಕಪ್ಪೆಗಳ ಗಾಯನದ ಹೊರತು ಬೇರೆ ವಿನೋದವಿಲ್ಲವೆಂದು ಪೇಟೆಯವರು ತಿಳಿದಿರಬಹುದು. ಅವರು ಮೊಬೈಲು ಫೋನಿನ ಮಹಿಮೆಯನ್ನು ಮರೆತಿದ್ದಾರೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಕತ್ತಲೆಯ ಮೂಲೆಯಲ್ಲಿ ತನ್ನಷ್ಟಕ್ಕೆ ತಾನೇ ನಗುತ್ತಿದ್ದ ಮಗನನ್ನು ಕಂಡು ಆಯಿ ಮೊದಲು ಹೆದರಿಯೇಬಿಟ್ಟಳು. ವಿಚಾರಿಸಿದಾಗ ತಿಳಿಯಿತು, ಅದು ‘ಸ್ಟ್ಯಾಂಡ್-ಅಪ್ ಕಾಮಿಡಿ’. ವೇಷವಿಲ್ಲ, ಚೆಂಡೆ ಮದ್ದಲೆಗಳಿಲ್ಲ. ಒಬ್ಬ ಮನುಷ್ಯ, ಒಂದು ಮೈಕು. ಬರಿಯ ಮಾತಿನಿಂದ ಒಂದು ಗಂಟೆಯ ಕಾಲ ಸಭೆಯನ್ನು ನಗಿಸುವ ವಿದ್ಯೆ. ಮೊದಲಿಗೇ ‘ವಯಸ್ಕರಿಗೆ ಮಾತ್ರ’ ಎಂಬ ಒಕ್ಕಣೆಯೂ ಇತ್ತು.

“ಕೂಸೇ, ಮಾಣಿ ಇದನ್ನೆಲ್ಲ ನೋಡಲಕ್ಕನೇ?” ಎಂದು ಆಯಿ ಕೇಳಿದಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ ತೀರ್ಪಿನ ಭಾರ ನನ್ನ ಕೊರಳಿಗೆ ಬಿತ್ತು.

ಸರಕಾರ ಏನು ಹೇಳುತ್ತದೆಂದು ಮೊದಲು ನೋಡಿದೆ. ಅಂತರ್ಜಾಲದ ಚಿತ್ರಶಾಲೆಗಳು ತಾವು ತೋರಿಸುವುದನ್ನು ಎಲ್ಲರಿಗೆ, 7 ದಾಟಿದವರಿಗೆ, 13 ದಾಟಿದವರಿಗೆ, 16 ದಾಟಿದವರಿಗೆ, ವಯಸ್ಕರಿಗೆ ಎಂದು ಐದು ತರಗತಿಗಳಾಗಿ ವಿಂಗಡಿಸಬೇಕೆಂದು 2021ರ ನಿಯಮಗಳು ವಿಧಿಸಿವೆ. 2023ರ ತಿದ್ದುಪಡಿಯಿಂದ ಸಿನಿಮಾಗಳಿಗೂ ಇಂಥವೇ ವಯಸ್ಸಿನ ಗುರುತುಗಳು ಬಂದಿವೆ. ಒಳ್ಳೆಯದೇ. ಆದರೆ ನಮ್ಮ ಮನೆಯ ಫೋನಿನ ಲೆಕ್ಕದಲ್ಲಿ ನೋಡುವವನ ವಯಸ್ಸು ಐವತ್ತೆರಡು. ಏಕೆಂದರೆ ಫೋನು ಅಪ್ಪನದು. ಕಾನೂನು ಬಾಗಿಲಿಗೆ ಬೀಗ ಹಾಕಿದೆ. ಬೀಗದ ಕೈ ಮಾತ್ರ ಮಕ್ಕಳಿರುವಲ್ಲಿಯೇ ನೇತಾಡುತ್ತಿದೆ.

ತಮ್ಮನ ವಕಾಲತ್ತೂ ದುರ್ಬಲವಾಗಿರಲಿಲ್ಲ. “ಆಟದಲ್ಲಿ ಇಂಥ ಮಾತು ಬರುವುದಿಲ್ಲವೇ? ಮಾರಿಕಾಂಬೆಯ ಜಾತ್ರೆಗೆ ಬರುವ ಕಂಪನಿ ನಾಟಕದಲ್ಲಿ ಇಲ್ಲವೇ? ಅಲ್ಲಿಗೆ ನೀವೇ ನನ್ನನ್ನು ಕರೆದುಕೊಂಡು ಹೋಗುತ್ತೀರಲ್ಲ!” ಎಂದ. ನಿಜವೇ. ‘ಚಂದ್ರಾವಳಿ ವಿಲಾಸ’ದಲ್ಲಿ ಕೃಷ್ಣನ ಕಪಟಕ್ಕೆ ಸಿಲುಕುವ ಚಂದಗೋಪನ ಪಾಡನ್ನು ಕಂಡು ನಗದವರಾರು? ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಜಾತ್ರೆಯಲ್ಲಿ, ಗುಡಾರದ ಕೆಳಗೆ ದ್ವಂದ್ವಾರ್ಥದ ಸಂಭಾಷಣೆಗೆ ಸಂಸಾರಸಮೇತ ಕುಳಿತವರೂ ನಕ್ಕಿದ್ದಾರೆ.

ಆದರೆ ಒಂದು ಭೇದವುಂಟು. ಯಕ್ಷಗಾನದ ಹಾಸ್ಯಗಾರನಿಗೆ ಎದುರಿಗೆ ಕುಳಿತವರ ಮುಖಗಳು ಕಾಣುತ್ತವೆ. ಮುಂದಿನ ಸಾಲಿನಲ್ಲಿ ಮಕ್ಕಳಿದ್ದರೆ ಆತ ಮಾತನ್ನು ಮೊಟಕು ಮಾಡಬಲ್ಲ. ಒಂದರ್ಥವನ್ನು ಮಕ್ಕಳಿಗೂ ಇನ್ನೊಂದನ್ನು ಹಿರಿಯರಿಗೂ ಹಂಚಬಲ್ಲ. ಮಾತು ಮೇರೆ ಮೀರಿದರೆ ಪಕ್ಕದಲ್ಲಿ ಅಜ್ಜಿ ‘ಶ್ಶೀ’ ಎನ್ನುತ್ತಾಳೆ. ಆ ಒಂದು ಉದ್ಗಾರದಿಂದ ಮಕ್ಕಳು ಎಷ್ಟೋ ಕಲಿಯುತ್ತಾರೆ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಟಿಕೇಟು ಕೊಂಡು ಬಂದ ದೊಡ್ಡವರ ಮುಖ ನೋಡಿ ಮಾತಾಡಿದ ವಿನೋದಗಾರನಿಗೆ, ತನ್ನ ಮಾತು ಎಕ್ಕಂಬಿಯ ಜಗಲಿಯಲ್ಲಿ ಹುಡುಗನೊಬ್ಬನ ಕಿವಿಗೆ ಬೀಳುವುದೆಂದು ಹೇಗೆ ತಿಳಿಯಬೇಕು? ಇಲ್ಲಿ ತಪ್ಪು ಆಡಿದವನದೂ ಅಲ್ಲ, ಕೇಳಿದವನದೂ ಅಲ್ಲ. ನಡುವೆ ಅಜ್ಜಿ ಇಲ್ಲದಿರುವುದೇ ಕೊರತೆ.

ಹೀಗೆಂದು ಸುಮ್ಮನಾಗದೆ ಒಂದು ಕಾರ್ಯಕ್ರಮವನ್ನು ತಮ್ಮನೊಡನೆ ಕುಳಿತು ಪೂರ್ತಿ ನೋಡಿದೆ. ಹಾಸ್ಟೆಲಿನ ಸಾರು, ರೈಲಿನ ಪ್ರಯಾಣ, ಅಪ್ಪಂದಿರ ಕೈಬಿಗಿ ಇವುಗಳ ಮೇಲಿನ ಮಾತುಗಳು ನಿಜವಾಗಿಯೂ ಚುರುಕಾಗಿದ್ದವು, ನಾನೂ ನಕ್ಕೆ. ಅನಂತರ ಹೆಂಡತಿಯ ಮೈಕಟ್ಟಿನ ಮೇಲೆ ಬಹಳ ಹೊತ್ತು ಪರಿಹಾಸ್ಯ ನಡೆಯಿತು. ತಮ್ಮ ಅದಕ್ಕೂ ನಕ್ಕ. “ಹಾಸ್ಟೆಲಿನ ಸಾರಿಗೆ ಏಕೆ ನಕ್ಕೆ?” ಎಂದು ಕೇಳಿದರೆ ಸೊಗಸಾಗಿ ವಿವರಿಸಿದ. “ಇದಕ್ಕೆ?” ಎಂದರೆ ಮುಖ ಕೆಂಪಾಯಿತು. ಸ್ವಲ್ಪ ತಡೆದು, “ಅಲ್ಲಿ ಎಲ್ಲರೂ ನಗುತ್ತಾರಲ್ಲ ಅಕ್ಕ, ಅದಕ್ಕೇ” ಎಂದ.

ನನಗೆ ಬೇಕಾದ ಅಳತೆಗೋಲು ಅಲ್ಲಿ ಸಿಕ್ಕಿತು. ಏಕೆ ನಕ್ಕೆನೆಂದು ಹೇಳಲಾರದ ನಗು ನಮ್ಮದಲ್ಲ, ಎರವಿನದು. ಹದಿನಾಲ್ಕರ ಹುಡುಗ ಎರವು ತಂದ ನಗುವನ್ನು ಮರುದಿನ ಶಾಲೆಯ ಬಸ್ಸಿನಲ್ಲಿ ತನ್ನ ತರಗತಿಯ ಹುಡುಗಿಯರ ಮೇಲೆಯೇ ಖರ್ಚು ಮಾಡುತ್ತಾನೆ. ಆ ಬಸ್ಸಿನಲ್ಲಿ ನಾನೂ ಓಡಾಡಿದವಳು. ಆ ನಗುವಿನ ರುಚಿ ಬಲ್ಲೆ. ಯಾರನ್ನು ಕುರಿತು ನಗುತ್ತೇವೆ ಎಂಬುದೂ ಮುಖ್ಯ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದಲ್ಲಿ ಮಾತು ಖಾರವಾಗಿತ್ತು. ಆದರೆ ಅದು ಚುಚ್ಚಿದ್ದು ಅಧಿಕಾರದಲ್ಲಿದ್ದವರನ್ನು, ಕೈಲಾಗದವರನ್ನಲ್ಲ.

ಪೂರ್ತಿ ಕೂಡದೆಂದರೆ ನಾನು ಬಂದೊಡನೆ ತಮ್ಮ ಫೋನು ಮುಚ್ಚುವನು. ಆಮೇಲೆ ಏನನ್ನೂ ನನ್ನೊಡನೆ ಹೇಳಲಾರನು. ಪೂರ್ತಿ ಆಗಲೆಂದರೆ ಬಸ್ಸಿನ ಹುಡುಗಿಯರಿಗೆ ನಾನೇನು ಉತ್ತರ ಹೇಳಲಿ? ಆದುದರಿಂದ ಹೀಗೆ ತೀರ್ಮಾನಿಸಿದೆ: ‘ವಯಸ್ಕರಿಗೆ ಮಾತ್ರ’ ಎಂದು ಬರೆದದ್ದು ಹದಿನೆಂಟು ತುಂಬುವವರೆಗೆ ಬೇಡ. ಉಳಿದುದನ್ನು ಇಯರ್‌ಫೋನು ತೆಗೆದು, ಜಗಲಿಯಲ್ಲಿ ಎಲ್ಲರಿಗೂ ಕೇಳುವಂತೆ ನೋಡಬೇಕು. ಒಂದೆರಡು ಒರಟು ಮಾತು ಬಂದರೆ ಬರಲಿ. ಬಸ್ ನಿಲ್ದಾಣದಲ್ಲಿ ಅದಕ್ಕಿಂತ ಹೆಚ್ಚಿನದನ್ನು ದಿನವೂ ಕೇಳುತ್ತೇವೆ.

ತಮ್ಮ ಗೊಣಗಿಕೊಂಡೇ ಒಪ್ಪಿದ. ಈಗ ಅವನು ನೋಡುವಾಗ ಆಯಿಯೂ ಅಡಕೆ ಆರಿಸುತ್ತ ಅಲ್ಲಿಯೇ ಕುಳಿತಿರುತ್ತಾಳೆ. ಅವಳಿಗೆ ಹಿಂದಿ ಅಷ್ಟಾಗಿ ತಿಳಿಯದು. ಆದರೂ ಕೆಲವೆಡೆ ತಮ್ಮ ಅವಳ ಕಡೆಗೊಮ್ಮೆ ನೋಡಿ, ತಾನಾಗಿಯೇ ಮುಂದಕ್ಕೆ ಓಡಿಸುತ್ತಾನೆ.