ಕುದುರೆಯ ಬಾಲ

ಸೊಂಟನೋವಿಗೆ ಔಷಧ ಹೇಳದವರು ನಮ್ಮ ನಾಡಿನಲ್ಲಿ ಇನ್ನೂ ಹುಟ್ಟಿಲ್ಲವೆಂದೇ ನನ್ನ ನಂಬಿಕೆ. ಕಂಪ್ಲಿಯ ನನ್ನ ಸೋದರಮಾವ ಭತ್ತದ ಚೀಲವೊಂದನ್ನು ಎತ್ತಹೋಗಿ ಸೊಂಟ ಹಿಡಿದು ಕುಳಿತಾಗ, ಒಬ್ಬರು ಎಣ್ಣೆ ತಂದರು. ಇನ್ನೊಬ್ಬರು ಉಪ್ಪಿನ ಶಾಖ ಕೊಟ್ಟರು. ಸಂಡೂರಿನ ಬೀಗರು ಕುಮಾರಸ್ವಾಮಿಗೆ ಹರಕೆ ಹೊರುವಂತೆ ಹೇಳಿಕಳುಹಿಸಿದರು. ನೋವು ಮಾತ್ರ ಸೊಂಟದಿಂದ ತೊಡೆಗೆ, ತೊಡೆಯಿಂದ ಕಾಲ್ಬೆರಳಿಗೆ ಇಳಿಯಿತು. ಹತ್ತನೆಯ ದಿನ ಇನ್ನೊಂದು ಕಾಲಿಗೂ ಹಬ್ಬಿತು. ಆಗ ಅವರನ್ನು ಹೊಸಪೇಟೆಗೆ ಕರೆತಂದು ವೈದ್ಯರೊಬ್ಬರ ಮುಂದೆ ಕುಳ್ಳಿರಿಸಿದೆ.

ವೈದ್ಯರು ಪ್ರಶ್ನೆಗಳ ಮಾಲೆಯನ್ನೇ ಹೆಣೆದರು. ಜ್ವರವಿದೆಯೆ? ತೂಕ ಇಳಿದಿದೆಯೆ? ಮಲಗಿದರೂ ರಾತ್ರಿಯೆಲ್ಲ ನೋವು ಕಾಡುವುದೆ? ಹಿಂದೆ ಕ್ಷಯವೋ ಕ್ಯಾನ್ಸರೋ ಬಂದಿತ್ತೆ? ಸೊಂಟಕ್ಕೂ ಇವಕ್ಕೂ ಏನು ನಂಟೆಂದು ನಾನು ಬೆರಗಾದೆ. ಈ ಎರಡು ರೋಗಗಳೂ ಬೆನ್ನೆಲುಬಿನಲ್ಲಿ ನೆಲೆಯೂರಬಲ್ಲವೆಂದು ಆಮೇಲೆ ತಿಳಿಯಿತು. ಕೊನೆಗೆ ಅವರು, “ಮೂತ್ರ ಸಲೀಸಾಗಿ ಆಗುತ್ತಿದೆಯೆ? ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶ ತಿಳಿಯುತ್ತದೆಯೆ?” ಎಂದರು.

ಮಾವ ತಲೆ ತಗ್ಗಿಸಿದರು. ಅವರನ್ನು ಸಂಕೋಚದಿಂದ ಪಾರುಮಾಡಲು ನಾನೇ, “ಅದೆಲ್ಲ ಸರಿಯಾಗಿದೆ, ಡಾಕ್ಟರೇ” ಎಂದುಬಿಟ್ಟೆ! ವೈದ್ಯರು ನನ್ನನ್ನೊಮ್ಮೆ ದಿಟ್ಟಿಸಿ, “ಮೇಷ್ಟ್ರೇ, ತಾವು ಸ್ವಲ್ಪ ಹೊರಗಿರಿ” ಎಂದರು.

ಬಾಗಿಲು ಮತ್ತೆ ತೆರೆದಾಗ ನಿಜ ತಿಳಿಯಿತು. ಹಿಂದಿನ ಸಂಜೆಯಿಂದ ಮೂತ್ರ ಕಟ್ಟಿತ್ತು. ಕುದುರೆಯ ಜೀನು ತಾಗುವಷ್ಟು ಭಾಗ ಮರಗಟ್ಟಿತ್ತು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದಂತೆ. ಅಲ್ಲಿಂದ ಕೆಳಕ್ಕೆ ನರಗಳ ಗೊಂಚಲು. ಅದು ಕುದುರೆಯ ಬಾಲದಂತೆ ತೋರುವುದರಿಂದ ಲ್ಯಾಟಿನ್ನಿನಲ್ಲಿ ಅದೇ ಅರ್ಥದ ಹೆಸರು: ಕಾಡಾ ಈಕ್ವೈನಾ. ಬೆನ್ನೆಲುಬುಗಳ ನಡುವಿನ ಬಿಲ್ಲೆ ಜಾರಿ ಆ ಗೊಂಚಲನ್ನು ಅದುಮಿದರೆ ದಿನಗಳ ಮಾತಿಲ್ಲ, ಗಂಟೆಗಳ ಲೆಕ್ಕ. ತಡವಾದರೆ ಮೂತ್ರದ ಹಿಡಿತವೂ ಕಾಲಿನ ಬಲವೂ ಮರಳದಿರಬಹುದು. ಕೂಡಲೇ ಬಳ್ಳಾರಿಗೆ ಧಾವಿಸಿದೆವು. ಎಂ.ಆರ್.ಐ. ಚಿತ್ರವೂ ಶಸ್ತ್ರಚಿಕಿತ್ಸೆಯೂ ಅದೇ ರಾತ್ರಿ ಮುಗಿದವು.

ಓದುಗರು ಗಾಬರಿಯಾಗಬೇಕಿಲ್ಲ. ಸೊಂಟದಿಂದ ಕಾಲಿಗಿಳಿಯುವ ನೋವು ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ತಾನೇ ಶಮನವಾಗುತ್ತದೆ. ಆದರೆ ಪಾದ ಎತ್ತಲಾಗದೆ ಎಡವತೊಡಗಿದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲೆಂದು ಕೂಡ ಕಾಯಬಾರದು. ತರಗತಿಯಲ್ಲಿ ನಾಯಿಕೆಯ ನಖಶಿಖಾಂತ ವರ್ಣನೆಯನ್ನು ನಿರರ್ಗಳವಾಗಿ ವಿವರಿಸುವ ನಾನು, ಮನೆಯ ಹಿರಿಯರ ಮೈಯ ಒಂದು ಮಾತಿಗೆ ನಾಚಿ ಸುಳ್ಳಾಡಿದ್ದೆ!

ಆರು ತಿಂಗಳ ಬಳಿಕ ಮಾವನೊಡನೆ ಹಂಪೆಗೆ ಹೋಗಿದ್ದೆ. ಹಜಾರರಾಮ ದೇಗುಲದ ಹೊರಗೋಡೆಯ ಕುದುರೆಗಳ ಸಾಲಿನ ಮುಂದೆ ಅವರು ಕೋಲೂರಿ ನಿಂತರು. ಎಡಪಾದ ಇನ್ನೂ ತುಸು ಎಳೆಯುತ್ತದೆ.

“ಈ ಬಾಲ ಹಿಡಿದೇ ಬದುಕಿದೆ ನೋಡೋ” ಎಂದು ನಕ್ಕರು. ಆಮೇಲೆ ಮೆಲ್ಲನೆ, “ಅವತ್ತು ನೀನು ಹೊರಗೆ ಹೋಗದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲಪ್ಪ” ಎಂದರು.