ಅಕಾಲದಲ್ಲಿ ಉದುರುವ ಹಲ್ಲು

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳಿದೊಡನೆ ಕಣ್ಣಮುಂದೆ ಬರುವವನು ಬೊಚ್ಚುಬಾಯಿಯ ವೃದ್ಧನೇ ಹೊರತು ತರುಣನಲ್ಲ. ಹಲ್ಲು ಬೀಳುವುದು ಮುಪ್ಪಿನ ಧರ್ಮವೆಂಬ ನಂಬಿಕೆ ಲೋಕದಲ್ಲಿ ಅಷ್ಟು ಬಲವಾಗಿದೆ. ಆದರೆ ಹದಿನಾಲ್ಕು ಹದಿನೈದು ವರ್ಷದ ಬಾಲಕನಿಗೇ ಮುಂದಿನ ಹಲ್ಲುಗಳೂ ಮೊದಲ ದವಡೆಹಲ್ಲುಗಳೂ ಅಲುಗಾಡತೊಡಗುವ ರೋಗವೊಂದುಂಟು. ಹಲ್ಲಿನಲ್ಲಿ ಹುಳುಕಿಲ್ಲದಿರಬಹುದು, ಹೊರಗೆ ಕೊಳೆಯೂ ಹೆಚ್ಚಾಗಿ ಕಾಣದಿರಬಹುದು. ಒಸಡಿನ ಮರೆಯಲ್ಲಿ, ಹಲ್ಲನ್ನು ಹಿಡಿದಿರುವ ಎಲುಬು ಮಾತ್ರ ಸದ್ದಿಲ್ಲದೆ ಕರಗುತ್ತಿರುತ್ತದೆ. ಕಂಡವರು, “ಹಲ್ಲುಜ್ಜದ ಸೋಮಾರಿ” ಎಂದು ಅವನನ್ನೇ ಹಳಿಯುತ್ತಾರೆ. ಮನೆಯಲ್ಲಿ ಕಳವಾದುದಲ್ಲದೆ ಮನೆಯವನಿಗೇ ಕಳ್ಳನೆಂಬ ಹೆಸರು ಬಂದಂತಾಯಿತು.

ಶುಚಿಯಾದ ಬಾಯಿ ಜೀವಿಗಳಿಲ್ಲದ ಬಾಯಿಯೆಂದು ತಿಳಿಯುವುದೇ ಈ ನಿಂದೆಯ ಮೂಲ. ಹಾಲೆಂಡಿನ ಡೆಲ್ಫ್ಟ್ ನಗರದ ಲೇವನ್‌ಹುಕ್ ಎಂಬ ಅರಿವೆಯ ವ್ಯಾಪಾರಿಯು ದಿನವೂ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದವನು. ಆದರೂ 1683ರಲ್ಲಿ ತನ್ನ ಹಲ್ಲಿನ ಸಂದಿನ ಬಿಳಿಯ ಲೋಳೆಯನ್ನು ತಾನೇ ಅರೆದ ಮಸೂರದಡಿಯಲ್ಲಿಟ್ಟು ನೋಡಲು, ಅಸಂಖ್ಯಾತ ಪ್ರಾಣಿಗಳು ಅಲ್ಲಿ ಓಡಾಡುತ್ತಿದ್ದುವು. ಬಾಯಿಯು ಎಂದಿಗೂ ನಿರ್ಜನವಲ್ಲ. ಆ ಜನಸಂದಣಿಯಲ್ಲಿ ಘಾತುಕರು ಯಾರೆಂಬುದೇ ಪ್ರಶ್ನೆ.

ಅವರಲ್ಲೊಬ್ಬನನ್ನು ಕ್ಲಿಂಗರ್ ಎಂಬ ವಿಜ್ಞಾನಿಯು 1912ರಲ್ಲಿ ವರ್ಣಿಸಿದನು. ಬಾಯಲ್ಲೇ ವಾಸಿಸುವ ಈ ಜೀವಿಯ ಹೆಸರನ್ನು ಬಾಯಿಂದ ಉಚ್ಚರಿಸುವುದು ಸುಲಭವಲ್ಲ: ಅಗ್ರಿಗೇಟಿಬ್ಯಾಕ್ಟರ್ ಆಕ್ಟಿನೊಮೈಸೆಟೆಮ್‌ಕೊಮಿಟಾನ್ಸ್. ಬೇರೊಂದು ಸೂಕ್ಷ್ಮಜೀವಿಯ ಜೊತೆಯಲ್ಲಿ ಕಾಣಿಸಿಕೊಂಡುದರಿಂದ ‘ಜೊತೆಗಾರ’ನೆಂಬರ್ಥದ ಪದವು ಇದರ ಹೆಸರಿನಲ್ಲಿ ಸೇರಿತು. ಈ ಜೊತೆಗಾರನು ರಕ್ತದ ಬಿಳಿಕಣಗಳನ್ನು ಕೊಲ್ಲುವ ವಿಷವನ್ನು ಸ್ರವಿಸುತ್ತಾನೆಂಬುದು 1970ರ ದಶಕದ ಕೊನೆಯಲ್ಲಿ ತಿಳಿದುಬಂದಿತು. ಬಿಳಿಕಣಗಳು ದೇಹದ ಕಾವಲುಗಾರರು. ಅವುಗಳ ಮೈಮೇಲಿನ ಒಂದು ಗುರುತನ್ನು ಹಿಡಿದು ವಿಷವು ಅವುಗಳ ಪೊರೆಯನ್ನು ಭೇದಿಸುತ್ತದೆ. ಒಡೆದ ಕಣಗಳೊಳಗಿನ ತೀಕ್ಷ್ಣ ರಸಗಳು ಹೊರಚೆಲ್ಲಿ ಉರಿಯೂತವನ್ನು ಹೆಚ್ಚಿಸುತ್ತವೆ. ಕಾವಲಿನವನ ಆಯುಧವೇ ಮನೆಯನ್ನು ಸುಡುವುದೆಂದರೆ ಇದೇ.

ಆದರೆ ಈ ಜೀವಿಯನ್ನು ಹೊತ್ತು ನೆಮ್ಮದಿಯಾಗಿರುವವರೂ ಬಹುಮಂದಿ. ಒಂದೇ ಕುಲದಲ್ಲಿ ಸಾಧುವೂ ದುಷ್ಟನೂ ಹುಟ್ಟುವುದು ಹೇಗೆ? ಉತ್ತರವು ಅದರ ವಂಶವಾಹಿಗಳಲ್ಲಿ ದೊರೆಯಿತು. ವಿಷಕ್ಕೆ ಸಂಬಂಧಿಸಿದ ನಾಲ್ಕು ವಂಶವಾಹಿಗಳು ಒಂದೇ ಸಾಲಿನಲ್ಲಿವೆ: ಒಂದು ವಿಷವನ್ನು ನಿರ್ಮಿಸುವುದು, ಒಂದು ಅದಕ್ಕೆ ಶಕ್ತಿ ಕೊಡುವುದು, ಉಳಿದೆರಡು ಅದನ್ನು ಹೊರಕ್ಕೆ ಸಾಗಿಸುವುವು. ಈ ಸಾಲಿನ ಮುಂದೆ, ಎಷ್ಟು ವಿಷವಾಗಬೇಕೆಂದು ನಿಯಮಿಸುವ ಭಾಗವೊಂದಿದೆ. ಜೆ.ಪಿ. 2 ಎಂಬ ತಳಿಯಲ್ಲಿ ಆ ಭಾಗದಿಂದ 530 ಅಕ್ಷರಜೋಡಿಗಳು ಕಳೆದುಹೋಗಿವೆಯೆಂದು 1994ರಲ್ಲಿ ಪ್ರಕಟವಾಯಿತು. ಕಳೆದುದರ ಫಲವಾಗಿ ವಿಷದ ಉತ್ಪತ್ತಿಯು ಹತ್ತಿಪ್ಪತ್ತು ಮಡಿ ಏರಿತು. ಹೊಸ ವಿಷವೇನೂ ಹುಟ್ಟಲಿಲ್ಲ. ಹಳೆಯ ವಿಷಕ್ಕಿದ್ದ ಕಡಿವಾಣ ಮಾತ್ರ ಕಳಚಿತು.

ಇದು ಪ್ರಯೋಗಶಾಲೆಯ ಮಾತಾಗಿ ಉಳಿಯಲಿಲ್ಲ. ಮೊರಾಕ್ಕೊ ದೇಶದ ರಬಾತ್ ನಗರದಲ್ಲಿ ಶಾಲೆಯ ಹುಡುಗ ಹುಡುಗಿಯರನ್ನು ಪರೀಕ್ಷಿಸಿ, ಎರಡು ವರ್ಷಗಳ ಬಳಿಕ ಮತ್ತೆ ನೋಡಿದರು. 2008ರಲ್ಲಿ ಹೊರಬಂದ ಫಲಿತಾಂಶವಿದು: ಒಸಡು ಆರೋಗ್ಯವಾಗಿದ್ದವರ ಪೈಕಿ ಜೆ.ಪಿ. 2 ತಳಿಯೊಂದನ್ನೇ ಹೊತ್ತವರಿಗೆ, ಈ ಜೀವಿಯೇ ಇಲ್ಲದವರಿಗಿಂತ ರೋಗದ ಅಪಾಯ 18 ಪಟ್ಟು. ಉಳಿದ ತಳಿಗಳನ್ನು ಮಾತ್ರ ಹೊತ್ತವರಿಗೆ 3 ಪಟ್ಟು.

ಈ ತಳಿಗೆ ಚರಿತ್ರೆಯೂ ಉಂಟು. ಅದು ಸುಮಾರು 2,400 ವರ್ಷಗಳ ಹಿಂದೆ ಉತ್ತರ ಆಫ್ರಿಕದಲ್ಲಿ ಉದ್ಭವಿಸಿ ಪಶ್ಚಿಮ ಆಫ್ರಿಕಕ್ಕೆ ಹಬ್ಬಿತೆಂದೂ, ಗುಲಾಮರ ವ್ಯಾಪಾರದ ಹಡಗುಗಳಲ್ಲಿ ಅಮೆರಿಕಕ್ಕೆ ಹೋಯಿತೆಂದೂ ವಿದ್ವಾಂಸರು ಊಹಿಸುತ್ತಾರೆ. ಸಂಕೋಲೆ ತೊಟ್ಟವರಿಂದ ಊರು, ನಂಟರು, ಹೆಸರು ಎಲ್ಲವನ್ನೂ ಕಸಿದುಕೊಂಡ ವರ್ತಕರ ಕಣ್ಣಿಗೆ ಬೀಳದ ಸಹಪ್ರಯಾಣಿಕನೊಂದು ಒಸಡಿನ ಸಂದಿಯಲ್ಲಿ ಉಳಿಯಿತು. ತಳಿಗೆ ಹೆಸರು ಕೊಟ್ಟ ಮಾದರಿಯು ದೊರೆತುದು ಅಮೆರಿಕದಲ್ಲಿ, ಆಫ್ರಿಕ ಮೂಲದ ಎಂಟು ವರ್ಷದ ಮಗುವಿನ ಬಾಯಿಯಲ್ಲಿ. ಶತಮಾನಗಳ ಅನ್ಯಾಯದ ದಾರಿಯಲ್ಲಿ ಬಂದಿರಬಹುದಾದ ರೋಗಕ್ಕೆ ಆ ಮಗುವಿನ ಸೋಮಾರಿತನವನ್ನು ಕಾರಣವೆನ್ನುವುದು ಯಾವ ನ್ಯಾಯ?

ಇದರಿಂದ ಹಲ್ಲುಜ್ಜುವುದು ವ್ಯರ್ಥವೆಂದು ಯಾರೂ ಭಾವಿಸಬೇಕಾಗಿಲ್ಲ. ಅಪಾಯವೆಂದರೆ ವಿಧಿಲಿಖಿತವಲ್ಲ; ತಳಿಯನ್ನು ಹೊತ್ತವರೆಲ್ಲರೂ ರೋಗಿಗಳಾಗುವುದಿಲ್ಲ. ಆ 530 ಅಕ್ಷರಜೋಡಿಗಳ ಕೊರತೆಯನ್ನೇ ಗುರುತಾಗಿಟ್ಟುಕೊಂಡು ತಳಿಯನ್ನು ಪರೀಕ್ಷೆಯಿಂದ ಪತ್ತೆಮಾಡಬಹುದು. ಎಲುಬು ಕರಗುವ ಮೊದಲೇ ದಂತವೈದ್ಯನು ಒಸಡಿನಡಿಯನ್ನು ಶುಚಿಮಾಡಿ, ಬೇಕಾದರೆ ಔಷಧವನ್ನೂ ಕೊಟ್ಟು ಹಲ್ಲುಗಳನ್ನು ಉಳಿಸಬಹುದು. ಆದರೆ ಬೈಗುಳಕ್ಕೆ ಅಂಜಿದ ಬಾಲಕನು ಬಾಯಿ ಮುಚ್ಚಿಕೊಂಡಿರುತ್ತಾನೆ. ಮುಚ್ಚಿದ ಬಾಯಿಯನ್ನು ಯಾವ ವೈದ್ಯನೂ ಪರೀಕ್ಷಿಸಲಾರನು. ಅವನ ಹಲ್ಲನ್ನು ಉಳಿಸಬೇಕೆನ್ನುವ ಹಿರಿಯರು ಮೊದಲು ತಮ್ಮ ನಾಲಗೆಯನ್ನು ಹಿಡಿಯುವುದು ಲೇಸು.